ಕೊರಿಯಾ ಗಡಿಯ ಬಸ್ಸು ಹತ್ತುವ ಮೊದಲು

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆ ನನ್ನೊಂದಿಗೆ ನಡೆಯಲು ಬರುವ ಹಿರಿಯರಲ್ಲಿ ಇಬ್ಬರ ಮಕ್ಕಳು ದಕ್ಷಿಣ ಕೊರಿಯಾದಲ್ಲಿ ಕೆಲಸಕ್ಕಿದ್ದಾರೆ. ನನ್ನ ಮಗಳೂ ಸೋಲ್ ನಗರದಲ್ಲಿದ್ದಾಳೆ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ಮೂರು ವಾರ ಅಲ್ಲಿದ್ದು ಬಂದ ಮೇಲೆ, ಅವರಿಬ್ಬರೂ ಊಟ, ಚಳಿ, ವೀಸಾಗಳ ವಿಚಾರವನ್ನೆಲ್ಲ ಮುಗಿಸಿ ಕೊನೆಗೆ ಕೇಳಿದ್ದು ಇದು: “ಸರ್, ಆ ಎರಡು ಕೊರಿಯಾದ ಗಡಿ ನೋಡಬೇಕಂದ್ರ ಗೈಡ್ ಹಿಡೀಲೇಬೇಕೇನ್ರಿ? ಅಷ್ಟು ರೊಕ್ಕ ಕೊಟ್ಟದ್ದು ಸಾರ್ಥಕ ಆಗ್ತದೇನ್ರಿ?” ನಡೆಯುತ್ತ ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆಯ ಒಂದು ಭಾಗಕ್ಕೆ ಅಲ್ಲಿನ ಕಾನೂನೇ ಉತ್ತರ ಕೊಟ್ಟುಬಿಟ್ಟಿದೆ. 1950ರ ಜೂನ್ 25ರಂದು ಆರಂಭವಾದ ಕೊರಿಯಾ ಯುದ್ಧವು 1953ರ ಜುಲೈ 27ರಂದು ನಿಂತಿತೇ ಹೊರತು ಮುಗಿಯಲಿಲ್ಲ. ಅಂದು ಸಹಿ ಬಿದ್ದದ್ದು ಕದನವಿರಾಮದ ಒಪ್ಪಂದಕ್ಕೆ, ಶಾಂತಿ ಒಪ್ಪಂದಕ್ಕಲ್ಲ, ಮತ್ತು ಆ ಕಾಗದಕ್ಕೆ ದಕ್ಷಿಣ ಕೊರಿಯಾ ಸಹಿಯನ್ನೇ ಹಾಕಲಿಲ್ಲ. ಸೇನೆಗಳು ಎದುರುಬದುರು ನಿಂತಿದ್ದ ಜಾಗದಲ್ಲಿ ಒಂದು ಗೆರೆ ಎಳೆದು, ಎರಡೂ ಕಡೆಯವರು ಆ ಗೆರೆಯಿಂದ ತಲಾ 2 ಕಿ.ಮೀ. ಹಿಂದೆ ಸರಿದದ್ದರಿಂದ ಉಂಟಾದ 4 ಕಿ.ಮೀ. ಅಗಲದ, ಸುಮಾರು 250 ಕಿ.ಮೀ. ಉದ್ದದ ಪಟ್ಟಿಯೇ ಸೇನಾರಹಿತ ವಲಯ. ಪ್ರವಾಸದವರೆಲ್ಲ ಅದನ್ನು ಡಿಎಂಜೆಡ್ ಎಂದೇ ಕರೆಯುತ್ತಾರೆ. ಆ ಪಟ್ಟಿಯ ದಕ್ಷಿಣಕ್ಕೆ ಇನ್ನೂ ಕೆಲವು ಕಿ.ಮೀ.ಗಳವರೆಗೆ ನಾಗರಿಕರ ಓಡಾಟಕ್ಕೆ ಕಡಿವಾಣವಿರುವ ಪ್ರದೇಶವಿದ್ದು, ಅದರೊಳಗೆ ಪರದೇಶದವರು ತಮ್ಮ ಮನಸ್ಸಿಗೆ ಬಂದಂತೆ ಕಾರು ಮಾಡಿಕೊಂಡೋ ನಡೆದುಕೊಂಡೋ ಹೋಗುವಂತಿಲ್ಲ. ಜನ ನೋಡಲು ಬಯಸುವ, ಉತ್ತರದವರು ತೋಡಿದರೆನ್ನುವ ಮೂರನೆಯ ಸುರಂಗ ಮತ್ತು ಉತ್ತರದ ನೆಲ ಕಾಣುವ ದೋರಾ ವೀಕ್ಷಣಾಲಯಗಳೆರಡೂ ಇರುವುದು ಆ ಪ್ರದೇಶದಲ್ಲೇ. ಆದ್ದರಿಂದ ಬಸ್ಸಿನಲ್ಲಿ, ಗುಂಪಿನಲ್ಲಿ, ಅವರು ಹೇಳಿದ ಹೊತ್ತಿಗೆ ಹೋಗಬೇಕಾದದ್ದು ಅನಿವಾರ್ಯ. ನಮ್ಮ ಆಯ್ಕೆಗೆ ಉಳಿಯುವುದು ಆ ಬಸ್ಸನ್ನು ಎಲ್ಲಿಂದ ಹತ್ತಬೇಕು, ಅದರಲ್ಲಿ ಮಾತನಾಡುವವರು ಯಾರಿರಬೇಕು ಎಂಬುದಷ್ಟೇ.

ಹತ್ತಲು ಎರಡು ದಾರಿಗಳಿವೆ. ಮೊದಲನೆಯದು, ಸೋಲ್‌ನಿಂದ ರೈಲಿನಲ್ಲಿ ಮುನ್ಸಾನ್ ಮಾರ್ಗವಾಗಿ ನಾವೇ ಇಮ್ಜಿಂಗಾಕ್ ಎಂಬ ಸ್ಥಳಕ್ಕೆ ಹೋಗಿ, ಅಲ್ಲಿನ ಕೌಂಟರಿನಲ್ಲಿ ಅಂದಿನ ಟಿಕೆಟ್ ಕೊಂಡು, ಅಲ್ಲಿಯದೇ ಬಸ್ಸಿನಲ್ಲಿ ಒಳಗೆ ಹೋಗಿ ಬರುವುದು. ಇದು ಬಹಳ ಅಗ್ಗ. ಆದರೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಮೊದಲು ಬಂದವರಿಗೆ ಮೊದಲು ಟಿಕೆಟ್, ಬಸ್ಸಿನಲ್ಲಿ ಕೇಳಿಸುವ ವಿವರಣೆ ಹೆಚ್ಚಾಗಿ ಕೊರಿಯನ್ ಭಾಷೆಯಲ್ಲೇ ಇರುತ್ತದೆ. ಎರಡನೆಯದು, ಸೋಲ್‌ನಿಂದಲೇ ಕರೆದೊಯ್ಯುವ ಖಾಸಗಿ ಕಂಪನಿಗಳ ಪ್ರವಾಸ. ಅದರಲ್ಲಿ ಅರ್ಧ ದಿನದ್ದು, ತೂಗುಸೇತುವೆಯನ್ನೋ ಗೊಂಡೋಲಾವನ್ನೋ ಸೇರಿಸಿದ ಪೂರ್ತಿ ದಿನದ್ದು ಎಂದು ಬಗೆಗಳಿವೆ. ಎರಡೂ ದಾರಿಗೆ ಸೋಮವಾರ ರಜೆ. ಇದನ್ನು ತಿಳಿಯದೆ ಸೋಮವಾರ ಬೆಳಿಗ್ಗೆ ರೈಲು ಹತ್ತಲು ಹೊರಟಿದ್ದ ನನ್ನನ್ನು ಮಗಳು ಬಾಗಿಲಲ್ಲೇ ತಡೆದಳು.

ನಾವು ಅರ್ಧ ದಿನದ ಪ್ರವಾಸವನ್ನು ಆರಿಸಿಕೊಂಡೆವು. ತಲೆಗೆ 65,000 ವೋನ್, ಅಂದರೆ ಅಂದಿನ ಲೆಕ್ಕದಲ್ಲಿ ನಮ್ಮ ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಇಬ್ಬರ ಲೆಕ್ಕ ಹಾಕಿದಾಗ ಹೆಂಡತಿಯ ಮುಖ ಸಣ್ಣದಾಯಿತು. ಈ ಹಣಕ್ಕೆ ಕಲಬುರಗಿಯಿಂದ ಬೀದರಕ್ಕೆ ಕಾರು ಮಾಡಿಕೊಂಡು ಹೋಗಿ, ಕೋಟೆ, ಮದರಸಾ, ನರಸಿಂಹ ಝರಣಿಗಳನ್ನೆಲ್ಲ ನೋಡಿ, ಊಟ ಮಾಡಿ ಬರಬಹುದು ಎಂಬುದು ಅವಳ ವಾದ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಗೈಡಿಗಾಗಿ ಹಣ ಕೊಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನಾನು ಮನೆಗೆ ಬಂದ ನೆಂಟರನ್ನು ಕಲಬುರಗಿ ಕೋಟೆಗೆ ಕರೆದೊಯ್ದು ತೋರಿಸಿದ್ದಕ್ಕೆ ಲೆಕ್ಕವಿಲ್ಲ. 1367ರ ಜಾಮಿ ಮಸೀದಿಯ ಮುಂದೆ ಅವರನ್ನು ಸುಮ್ಮನೆ ನಿಲ್ಲಿಸಿದರೆ ಎರಡು ನಿಮಿಷಕ್ಕೆ ಬೇಸರಗೊಂಡು ಹೊರಡುತ್ತಾರೆ. ಬೇರೆ ದೊಡ್ಡ ಮಸೀದಿಗಳಲ್ಲಿ ಇರುವ ಬಯಲು ಅಂಗಳ ಇಲ್ಲಿ ಏಕಿಲ್ಲ, ಮೇಲೆಲ್ಲ ಗುಮ್ಮಟಗಳನ್ನೇ ಏಕೆ ಮುಚ್ಚಿದ್ದಾರೆ ಎಂದು ಒಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಒಳಗೇ ಸುತ್ತುತ್ತಾರೆ. ಗಡಿಯಂಥ ಜಾಗದಲ್ಲಂತೂ ನೋಡಲು ಕಲ್ಲು ಕೂಡ ಇರುವುದಿಲ್ಲ. ಹುಲ್ಲು, ಬೇಲಿ, ದೂರದ ಗುಡ್ಡ, ಇಷ್ಟೇ. ಹೇಳುವವರಿಲ್ಲದಿದ್ದರೆ ಅದು ಬರೀ ಬಯಲು.

ಬೆಳಿಗ್ಗೆ ಏಳಕ್ಕೆ ಮುಂಚೆಯೇ ಬಸ್ಸು ಹೊರಟಿತು. ಗೈಡ್ ಐವತ್ತರ ಆಸುಪಾಸಿನ ಹೆಣ್ಣುಮಗಳು. ನಿಧಾನವಾದ, ಸ್ಪಷ್ಟವಾದ ಇಂಗ್ಲಿಷ್. ಇಮ್ಜಿಂಗಾಕ್‌ನಲ್ಲಿ ಇಳಿದೊಡನೆ ಅವರು ಮಾಡಿದ ಮೊದಲ ಕೆಲಸವೆಂದರೆ ನಮ್ಮೆಲ್ಲರ ಹೆಸರಿನ ಪಟ್ಟಿ ಹಿಡಿದು ಟಿಕೆಟ್ ಸಾಲಿಗೆ ಓಡಿದ್ದು. ಆ ಸಾಲನ್ನು ನೋಡಿದಾಗಲೇ ಕೊಟ್ಟ ಹಣದ ಅರ್ಧ ವಸೂಲಾಯಿತೆಂದು ನನಗನ್ನಿಸಿತು. ರೈಲಿನಲ್ಲಿ ಬಂದಿದ್ದ ಒಂದು ಜೋಡಿಗೆ ಮಧ್ಯಾಹ್ನದ ಸರದಿ ಮಾತ್ರ ಸಿಕ್ಕಿದ್ದನ್ನು ನಮ್ಮ ಕಣ್ಣಾರೆ ಕಂಡೆವು.

ಟಿಕೆಟಿನ ಹೊತ್ತು ಬರುವವರೆಗೆ ಇಮ್ಜಿಂಗಾಕ್‌ನಲ್ಲಿ ಸುಮಾರು ಒಂದು ಗಂಟೆ ಕಳೆಯಬೇಕಾಗುತ್ತದೆ. 1953ರಲ್ಲಿ ಉತ್ತರದಿಂದ ಬಿಡುಗಡೆಯಾದ 12,773 ಯುದ್ಧಕೈದಿಗಳು ನಡೆದು ಬಂದ ಸ್ವಾತಂತ್ರ್ಯ ಸೇತುವೆ, ಸಾವಿರಕ್ಕೂ ಹೆಚ್ಚು ಗುಂಡುಗಳ ತೂತುಗಳಿರುವ ತುಕ್ಕು ಹಿಡಿದ ಉಗಿಬಂಡಿ, ಬೇಲಿಯ ತುಂಬ ಜನ ಕಟ್ಟಿದ ಬಣ್ಣದ ಪಟ್ಟಿಗಳು ಅಲ್ಲಿವೆ. ಅವುಗಳ ಪಕ್ಕದಲ್ಲೇ ಮಕ್ಕಳ ತೊಟ್ಟಿಲುಗಳೂ ತೂಗುವ ಹಡಗೂ ಇರುವ ಆಟದ ಬಯಲಿದೆ; ನಮ್ಮ ಶರಣಬಸವೇಶ್ವರ ಜಾತ್ರೆಯಲ್ಲಿ ಕೇಳುವಂಥದೇ ಕಿರುಚಾಟ ಅಲ್ಲಿಂದ ಕೇಳಿಬರುತ್ತಿತ್ತು. ಇದನ್ನು ಅಭಾಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಎಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದು ಗಡಿಯ ಬದಿಯಲ್ಲಿ ಬದುಕುವ ಜನ ಮಕ್ಕಳನ್ನು ಆಡಿಸಲು ಇನ್ನೆಲ್ಲಿಗೆ ಹೋಗಬೇಕು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಒಂದು ಬಲಿಪೀಠದಂಥ ಕಟ್ಟೆ, ಮಾಂಗ್‌ಬೆದಾನ್. ಉತ್ತರದಲ್ಲಿ ಹುಟ್ಟೂರು ಬಿಟ್ಟು ಬಂದವರು ಹೊಸ ವರ್ಷಕ್ಕೂ ಚುಸೊಕ್ ಎಂಬ ಸುಗ್ಗಿ ಹಬ್ಬಕ್ಕೂ ಅಲ್ಲಿಗೆ ಬಂದು, ಕಾಣದ ಊರಿನ ದಿಕ್ಕಿಗೆ ಮುಖ ಮಾಡಿ ಹಿರಿಯರಿಗೆ ಎಡೆಯಿಡುತ್ತಾರೆ ಎಂದು ಗೈಡ್ ವಿವರಿಸಿದರು. ನಮ್ಮ ಮನೆಯ ಹಿರಿಯರ ಹಬ್ಬ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ತಂದೆ. ಆಳಂದ ತಾಲೂಕಿನ ನಮ್ಮ ಹಳ್ಳಿಯಿಂದ 1948ರಲ್ಲಿ, ರಜಾಕಾರರ ಗಲಾಟೆಯ ದಿನಗಳಲ್ಲಿ, ಹತ್ತು ವರ್ಷದ ಹುಡುಗನಾಗಿದ್ದ ಅವರು ತಾಯಿಯ ಕೈಹಿಡಿದು ರಾತ್ರೋರಾತ್ರಿ ನಿಜಾಮರ ಸರಹದ್ದು ದಾಟಿ ಸೊಲ್ಲಾಪುರದ ಕಡೆಗೆ ಹೋಗಿದ್ದವರು. ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾದ ಮೇಲೆ ಕೆಲವೇ ವಾರಗಳಲ್ಲಿ ಮರಳಿ ಬಂದರು, ಮನೆಯ ಕದ ಮುರಿದಿತ್ತು, ಎಮ್ಮೆ ಇರಲಿಲ್ಲ, ಊರು ಮಾತ್ರ ಇತ್ತು. ಅವರು ದಾಟಿದ ಸರಹದ್ದನ್ನು ಇಂದು ಹುಡುಕಿದರೆ ರಸ್ತೆಯ ಬದಿಯ ಒಂದು ಫಲಕ ಸಿಕ್ಕೀತು. ಕೊರಿಯಾದವರ ಗೆರೆ ಹಾಗೆ ಅಳಿಸಿಹೋಗಲಿಲ್ಲ. ಈ ಮಾತನ್ನು ಗೈಡ್ ಹತ್ತಿರ ಹೇಳಿದಾಗ, ಅವರು ತಮ್ಮ ಅಜ್ಜ ಈಗ ಉತ್ತರಕ್ಕೆ ಸೇರಿದ ಗೆಸಾಂಗ್‌ನವರೆಂದೂ ಕಟ್ಟೆಗೆ ತಾವೂ ಬರುವುದುಂಟೆಂದೂ ಹೇಳಿ, ಮೈಕನ್ನು ಆರಿಸಿ, ಸ್ವಲ್ಪ ಹೊತ್ತು ನಮ್ಮಿಬ್ಬರೊಡನೆ ಸುಮ್ಮನೆ ನಿಂತರು.

ಮುಂದೆ ತೊಂಗಿಲ್ ಸೇತುವೆ. ಅಲ್ಲಿ ಸೈನಿಕನೊಬ್ಬ ಬಸ್ಸು ಹತ್ತಿ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಮುಖವನ್ನೂ ಹೋಲಿಸಿ ನೋಡುತ್ತಾನೆ. ಮೂಲ ಪಾಸ್‌ಪೋರ್ಟೇ ಬೇಕು. ನಮ್ಮ ಬಸ್ಸಿಗೆ ಬಂದಿದ್ದ ಒಬ್ಬ ಯುವಕನ ಬಳಿ ಫೋನಿನಲ್ಲಿ ತೆಗೆದ ಚಿತ್ರ ಮಾತ್ರ ಇದ್ದುದರಿಂದ ಅವನನ್ನು ಇಮ್ಜಿಂಗಾಕ್‌ನಲ್ಲೇ ಬಿಟ್ಟು ಬರಬೇಕಾಯಿತು, ಹಣವೂ ಮರಳಲಿಲ್ಲ. ಸೇತುವೆ ದಾಟುವಾಗ ಗೈಡ್ ಹೇಳಿದ ಕಥೆಗೆ ಬಸ್ಸಿನಲ್ಲಿದ್ದವರೆಲ್ಲ ಕಿವಿಗೊಟ್ಟರು. ಹ್ಯುಂಡೈ ಕಂಪನಿ ಕಟ್ಟಿದ ಚುಂಗ್ ಜು-ಯುಂಗ್ ಹುಟ್ಟಿದ್ದು ಇಂದು ಉತ್ತರಕ್ಕೆ ಸೇರಿದ ಹಳ್ಳಿಯಲ್ಲಿ. ಹುಡುಗನಾಗಿದ್ದಾಗ ತಂದೆ ಹಸು ಮಾರಿ ಇಟ್ಟಿದ್ದ ಹಣವನ್ನು ಕದ್ದು ಪಟ್ಟಣಕ್ಕೆ ಓಡಿಬಂದವರು. 1998ರ ಜೂನ್‌ನಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಲಾರಿಗಳಲ್ಲಿ 500 ದನಗಳನ್ನು ತುಂಬಿಸಿಕೊಂಡು ಇದೇ ಸೇತುವೆಯ ಮೇಲೆ ಉತ್ತರಕ್ಕೆ ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೂ 501. ಒಟ್ಟು ಸಾವಿರದ ಒಂದು: ಕದ್ದ ಒಂದು ಹಸು, ಅದರ ಮೇಲೆ ಸಾವಿರ ಬಡ್ಡಿ. ಒಕ್ಕಲುತನದ ಮನೆಯಲ್ಲಿ ಬೆಳೆದ ನನ್ನ ಹೆಂಡತಿ ಆ ದಿನದ ಪ್ರವಾಸದಲ್ಲಿ ಮನಸಾರೆ ಮೆಚ್ಚಿದ್ದು ಈ ಮಾತನ್ನು.

ಮೂರನೆಯ ಸುರಂಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಯಸ್ಸಾದವರು ತೀರ್ಮಾನ ಮಾಡಬೇಕಾದದ್ದು ಇಲ್ಲಿಯೇ. ಉತ್ತರ ಕೊರಿಯಾದವರು ನೆಲದಡಿಯಿಂದ ದಕ್ಷಿಣಕ್ಕೆ ನುಗ್ಗಲು ತೋಡಿದರೆಂದು ದಕ್ಷಿಣದವರು ಹೇಳುವ ನಾಲ್ಕು ಸುರಂಗಗಳು 1974ರಿಂದ 1990ರೊಳಗೆ ಸಿಕ್ಕಿವೆ. 1978ರಲ್ಲಿ ಪತ್ತೆಯಾದ ಇದು ಮೂರನೆಯದು: ಉದ್ದ 1,635 ಮೀಟರ್, ಎತ್ತರ ಮತ್ತು ಅಗಲ ಸುಮಾರು ಎರಡೆರಡು ಮೀಟರ್, ನೆಲದಿಂದ 73 ಮೀಟರ್ ಆಳ. ಗಂಟೆಗೆ ಮೂವತ್ತು ಸಾವಿರ ಸೈನಿಕರು ಇದರೊಳಗಿಂದ ಹಾದುಬರಬಹುದಿತ್ತು ಎಂದು ದಕ್ಷಿಣದ ಲೆಕ್ಕ. ಸುರಂಗ ತಮ್ಮದಲ್ಲವೆಂದು ಮೊದಲು ನಿರಾಕರಿಸಿದ ಉತ್ತರದವರು, ಆಮೇಲೆ ಅದು ಕಲ್ಲಿದ್ದಲಿನ ಗಣಿ ಎಂದರಂತೆ. ಗ್ರಾನೈಟ್ ಗೋಡೆಗೆ ಬಳಿದ ಕಪ್ಪು ಮಸಿಯ ಗುರುತನ್ನು ಇಂದಿಗೂ ತೋರಿಸುತ್ತಾರೆ. ಇಳಿಯುವ ಮೊದಲು ಫೋನು, ಚೀಲಗಳನ್ನೆಲ್ಲ ಲಾಕರಿನಲ್ಲಿಟ್ಟು ತಲೆಗೆ ಹೆಲ್ಮೆಟ್ ಹಾಕಿಕೊಳ್ಳಬೇಕು, ಒಳಗೆ ಚಿತ್ರ ತೆಗೆಯುವಂತಿಲ್ಲ.

ದಕ್ಷಿಣದವರು ಕೊರೆದ ಅಗಲವಾದ ಇಳಿಜಾರಿನಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಕೆಳಗಿಳಿದರೆ ಹಳೆಯ ಸುರಂಗ ಸಿಗುತ್ತದೆ. ಇಳಿಯುವುದು ಸುಲಭ, ಹತ್ತುವುದು ಮಾತ್ರ ಗಡ್ಡಕ್ಕೆ ಬೆವರಿಳಿಸುವಂಥದ್ದು. ಒಳಗೆ ನನ್ನಂಥ ಐದೂವರೆ ಅಡಿಯವನೂ ಅಲ್ಲಲ್ಲಿ ಬೆನ್ನು ಬಗ್ಗಿಸಿಯೇ ನಡೆಯಬೇಕು; ನನ್ನ ಹೆಲ್ಮೆಟ್ ಎಷ್ಟು ಸಲ ಮೇಲಿನ ಕಂಬಿಗೆ ಬಡಿಯಿತೋ ನೆನಪಿಲ್ಲ. ಎದುರಿನಿಂದ ಮರಳುವವರಿಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಕೊನೆಯಲ್ಲಿ ಕಾಣುವುದು ಒಂದು ಕಾಂಕ್ರೀಟ್ ಗೋಡೆ, ಅದರಲ್ಲೊಂದು ಸಣ್ಣ ಕಿಂಡಿ. ಅಷ್ಟೇ. ಆ ಗೋಡೆಯಾಚೆ ಇನ್ನೆರಡು ಗೋಡೆಗಳು, ಅವುಗಳಾಚೆ ಉತ್ತರ ಕೊರಿಯಾ. ಬೀದರಿನಲ್ಲಿ ಸುರಂಗ ಕಾಲುವೆಯ ಕತ್ತಲೆಗೆ ಇಣುಕಿ ನೋಡಿದಾಗ, ಕುಡಿಯುವ ನೀರಿಗಾಗಿ ಮನುಷ್ಯ ಇಷ್ಟು ಆಳಕ್ಕೆ ಇಳಿದನಲ್ಲ ಎಂದು ಬೆರಗಾಗಿತ್ತು. ಇಲ್ಲಿ ಕಂಡ ಉಳಿಯ ಗುರುತುಗಳೂ ಅಂಥವೇ, ಬೆರಗು ಮಾತ್ರ ಹುಟ್ಟಲಿಲ್ಲ. ಮೊಣಕಾಲು ನೋವು, ಉಬ್ಬಸ, ಹೃದಯದ ತೊಂದರೆ, ಇಕ್ಕಟ್ಟಿನ ಭಯ ಇವುಗಳಲ್ಲಿ ಯಾವುದಿದ್ದರೂ ಇಳಿಯದಿರುವುದೇ ಸರಿ. ನನ್ನ ಹೆಂಡತಿ ಮೇಲೆಯೇ ಕುಳಿತು ಮಗಳು ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಒಬ್ಬ ಪೋಲಿಷ್ ಮುದುಕಿಯೊಂದಿಗೆ ಹಂಚಿಕೊಂಡಿದ್ದಳು. ಅವಳು ಕಳೆದುಕೊಂಡದ್ದೇನೂ ಹೆಚ್ಚಿಲ್ಲ.

ದೋರಾ ವೀಕ್ಷಣಾಲಯದಿಂದ ಏನು ಕಾಣುತ್ತದೆಂಬುದು ಮಾತ್ರ ಅಂದಿನ ಹವೆಯ ಮೇಲೆ ನಿಂತಿದೆ. ನಮ್ಮ ಅದೃಷ್ಟಕ್ಕೆ ಅಂದು ಮೋಡವಿರಲಿಲ್ಲ. ದುರ್ಬೀನಿನಲ್ಲಿ ಗೆಸಾಂಗ್ ನಗರದ ಅಂಚು, 2016ರಲ್ಲಿ ಮುಚ್ಚಿದ ಅಲ್ಲಿನ ಜಂಟಿ ಕೈಗಾರಿಕಾ ವಲಯದ ಕಟ್ಟಡಗಳು, ಮರಗಳಿಲ್ಲದ ಬೋಳು ಗುಡ್ಡಗಳು ಕಂಡವು. ಎರಡು ಧ್ವಜಸ್ತಂಭಗಳನ್ನು ಗೈಡ್ ತೋರಿಸಿದರು: ದಕ್ಷಿಣದ ಹಳ್ಳಿಯಲ್ಲಿ ಸುಮಾರು 100 ಮೀಟರಿನದು, ಅದನ್ನು ಮೀರಿಸಲೆಂದು ಉತ್ತರದ ಕಿಜಾಂಗ್ ಹಳ್ಳಿಯಲ್ಲಿ ನಿಲ್ಲಿಸಿದ 160 ಮೀಟರಿನದು. ಹೊಲದಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಅವನನ್ನು ನೋಡಲು ದುರ್ಬೀನಿನ ಮುಂದೆ ಸಾಲು ಬೆಳೆಯಿತು. ಹೊಲಕ್ಕೆ ಹೋಗುವ ಮನುಷ್ಯನೊಬ್ಬನನ್ನು ಹೀಗೆ ಸರದಿ ನಿಂತು ನೋಡುವುದರಲ್ಲಿ ಏನೋ ಸರಿಯಿಲ್ಲವೆನ್ನಿಸಿ, ನಾನು ನನ್ನ ಸರದಿಯನ್ನು ಬೇಗ ಮುಗಿಸಿದೆ. ಮಂಜು ಕವಿದ ದಿನ ಇಲ್ಲಿ ಬಿಳಿಯ ಗೋಡೆಯಲ್ಲದೆ ಬೇರೇನೂ ಕಾಣಿಸದು ಎನ್ನುತ್ತಾರೆ, ಹಣ ಮರಳಿಸುವುದಿಲ್ಲ. ಹಿಂದಿನ ರಾತ್ರಿ ಹವಾಮಾನ ನೋಡಿಕೊಂಡು, ದಿನ ಬದಲಿಸಲು ಅವಕಾಶವಿರುವ ಟಿಕೆಟನ್ನೇ ಕೊಳ್ಳುವುದು ಜಾಣತನ.

ಗೈಡಿನ ಬಗ್ಗೆ ನನಗೆ ಒಂದೇ ಅಸಮಾಧಾನ, ಅದೂ ಅವರೊಬ್ಬರ ತಪ್ಪಲ್ಲ. ಈ ಗಡಿಯ ಇತಿಹಾಸದಲ್ಲಿ ಭಾರತದ, ಅದರಲ್ಲೂ ಕನ್ನಡ ನಾಡಿನ, ಪಾಲು ಸಣ್ಣದಲ್ಲ. ಅದರ ಒಂದು ಮಾತೂ ಆ ಪ್ರವಾಸದಲ್ಲಿ ಬರಲಿಲ್ಲ. 1950ರ ನವೆಂಬರಿನಲ್ಲೇ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದಲ್ಲಿ ನಮ್ಮ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿ ಅಲ್ಲಿಗೆ ಹೋಗಿತ್ತು. ಕದನವಿರಾಮಕ್ಕೆ ದೊಡ್ಡ ತೊಡಕಾಗಿದ್ದದ್ದು ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆ. ಚೀನಾಕ್ಕೋ ಉತ್ತರ ಕೊರಿಯಾಕ್ಕೋ ಹೋಗಲು ಒಲ್ಲೆವೆಂದವರೇ 22,000ಕ್ಕೂ ಹೆಚ್ಚು ಜನರಿದ್ದರು. ಅವರ ವಿಚಾರಣೆಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಭಾರತದ್ದಾಗಿತ್ತು, ಆ ಕುರ್ಚಿಯಲ್ಲಿ ಕುಳಿತವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ಅವರ ಕೈಕೆಳಗೆ ಸಾವಿರಾರು ಭಾರತೀಯ ಸೈನಿಕರು ಹೋದಾಗ, ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಈ ಸೈನಿಕರನ್ನು ತಮ್ಮ ನೆಲದ ಮೇಲೆ ಕಾಲಿಡಲು ಬಿಡೆನೆಂದು ಹಟ ಹಿಡಿದದ್ದರಿಂದ, ಅವರನ್ನೆಲ್ಲ ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾರಹಿತ ವಲಯದೊಳಕ್ಕೆ ಇಳಿಸಬೇಕಾಯಿತು. ಅವರ ಬಿಡಾರದ ಹೆಸರು ಹಿಂದ್ ನಗರ. ಕೊನೆಗೆ ಎರಡೂ ಕೊರಿಯಾಗಳು ಬೇಡ, ಚೀನಾವೂ ಬೇಡ ಎಂದ 88 ಮಂದಿ ಕೈದಿಗಳು 1954ರಲ್ಲಿ ನಮ್ಮ ಪಡೆಯ ಜೊತೆ ಭಾರತಕ್ಕೆ ಬಂದರು.

ಮರಳುವ ದಾರಿಯಲ್ಲಿ ನಾನು ಇದನ್ನು ಕೇಳಿದಾಗ, ಗೈಡ್ ಮುಚ್ಚುಮರೆಯಿಲ್ಲದೆ ತಮಗೆ ತಿಳಿಯದೆಂದರು, ಹೆಸರುಗಳನ್ನು ಬರೆದುಕೊಂಡರು. ಬಸ್ಸಿನಲ್ಲಿದ್ದವರು ಹೆಚ್ಚಾಗಿ ಅಮೆರಿಕ, ಯುರೋಪಿನವರು. ಹೇಳುವ ಕಥೆಯೂ ಅವರ ಅಳತೆಗೆ ಹೊಲಿದದ್ದು. ಆದ್ದರಿಂದ ನಮ್ಮ ಕಡೆಯಿಂದ ಹೋಗುವವರು ಇಷ್ಟನ್ನಾದರೂ ಓದಿಕೊಂಡು ಹೋಗಬೇಕು. ಮೊದಲೇ ಗೊತ್ತಿದ್ದವನಿಗೆ ಆ ಬಯಲಿನಲ್ಲಿ ಒಂದು ಹಿಂದ್ ನಗರವೂ ಕಾಣುತ್ತದೆ.

ಕಂಪನಿಯ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಕಾಯ್ದಿರಿಸುವಾಗ ಎಲ್ಲಿಯೂ ಹೇಳದಿದ್ದ ಜಿನ್ಸೆಂಗ್ ಬೇರಿನ ಅಂಗಡಿಯೊಂದರಲ್ಲಿ, ಸೋಲ್‌ಗೆ ಮರಳಿದ ಮೇಲೆ, ನಮ್ಮನ್ನು ನಲವತ್ತು ನಿಮಿಷ ಕೂರಿಸಿದರು. ಬಾಗಿಲು ಹಾಕಿ, ಪುಟ್ಟ ಲೋಟದಲ್ಲಿ ಕಷಾಯ ಕೊಟ್ಟು, ಒಂದು ಡಬ್ಬಿಗೆ ನಮ್ಮ ಟಿಕೆಟಿನ ಐದು ಪಟ್ಟು ಬೆಲೆ ಹೇಳಿದರು. ಸುರಂಗದ ಬಳಿ ಅವಸರಪಡಿಸಿದವರು ಇಲ್ಲಿ ಗಡಿಯಾರ ನೋಡಲೇ ಇಲ್ಲ. “ಅಂಗಡಿ ಭೇಟಿ ಇಲ್ಲ” ಎಂದು ಸ್ಪಷ್ಟವಾಗಿ ಬರೆದಿರುವ ಪ್ರವಾಸಗಳೂ ಇವೆ. ಹತ್ತಿಪ್ಪತ್ತು ಸಾವಿರ ವೋನ್ ಹೆಚ್ಚಾದರೂ ಅವುಗಳನ್ನೇ ಕೊಳ್ಳಿರಿ. ಕೊಳ್ಳುವುದಿದ್ದರೆ ಗಡಿಯೊಳಗಿನ ಅಂಗಡಿಯಲ್ಲೇ ಕೊಳ್ಳಬೇಕು. ಅಲ್ಲಿನ ಹೊಲಗಳಲ್ಲಿ ಬೆಳೆದ ಜಾಂಗ್‌ದಾನ್ ಸೋಯಾ ಕಾಳಿಗೆ ಆ ದೇಶದಲ್ಲಿ ಹೆಸರಿದೆ, ನಮ್ಮ ಕಲಬುರಗಿ ತೊಗರಿಗೆ ಇರುವಂತೆ. ನಾವು ಒಂದು ಪೊಟ್ಟಣ ತಂದೆವು, ಹುಳಿ ಮಾಡಿದರೆ ಬೇಯಲು ತೊಗರಿಗಿಂತ ದುಪ್ಪಟ್ಟು ಹೊತ್ತು ಹಿಡಿಯಿತು.

ಪನ್‌ಮುಂಜೋಮ್‌ನ ನೀಲಿ ಗುಡಿಸಲುಗಳನ್ನು ನೋಡುವ ಆಸೆಯಿಂದ ಹೋಗುವವರು ಎಚ್ಚರದಿಂದಿರಬೇಕು. 2018ರ ಏಪ್ರಿಲ್ 27ರಂದು ಎರಡೂ ಕೊರಿಯಾಗಳ ನಾಯಕರು ಗಡಿಗೆರೆಯ ಮೇಲೆಯೇ ಕೈಕುಲುಕಿದ ಜಾಗ ಅದು. 2023ರ ಜುಲೈನಲ್ಲಿ ಅಮೆರಿಕದ ಸೈನಿಕನೊಬ್ಬ ಪ್ರವಾಸಿಗರ ಗುಂಪಿನಿಂದ ಗೆರೆ ದಾಟಿ ಉತ್ತರಕ್ಕೆ ಓಡಿದ ಮೇಲೆ ಅಲ್ಲಿನ ಪ್ರವಾಸಗಳನ್ನು ನಿಲ್ಲಿಸಲಾಯಿತು, ನಾವು ಹೋದಾಗಲೂ ನಮ್ಮಂಥವರಿಗೆ ಅದು ದೊರೆಯುವಂತಿರಲಿಲ್ಲ. ಆದರೂ ಜಾಹೀರಾತಿನಲ್ಲಿ ಆ ಗುಡಿಸಲುಗಳ ಚಿತ್ರ ಹಾಕುವವರಿದ್ದಾರೆ. ಚಿತ್ರವನ್ನು ನಂಬದೆ, ಹೋಗುವ ಸ್ಥಳಗಳ ಪಟ್ಟಿಯನ್ನು ಓದಿ ಹಣ ಕಟ್ಟಬೇಕು.

ಪೂರ್ತಿ ದಿನದ ಪ್ರವಾಸ ನಮ್ಮ ವಯಸ್ಸಿನವರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಅದರಲ್ಲಿ ಹೆಚ್ಚಾಗಿ ಸೇರುವ ತೂಗುಸೇತುವೆಗೂ ಗಡಿಗೂ ಸಂಬಂಧವಿಲ್ಲ, ಸಸ್ಯಾಹಾರಿಗಳಿಗೆ ಮಧ್ಯಾಹ್ನದ ಊಟ ಅನ್ನ ಮತ್ತು ಸೊಪ್ಪಿಗೆ ಮುಗಿಯುತ್ತದೆ. ಕೊರಿಯನ್ ಭಾಷೆ ಬಲ್ಲ ಮಗನೋ ಮಗಳೋ ರಜೆ ಹಾಕಿ ಜೊತೆಗೆ ಬರುವಂತಿದ್ದರೆ, ಬೆಳಗಿನ ಮೊದಲ ರೈಲು ಹಿಡಿದು ಇಮ್ಜಿಂಗಾಕ್‌ನ ಅಗ್ಗದ ಬಸ್ಸೇ ಸಾಕು. ಮಕ್ಕಳಿಗೆ ರಜೆ ಸಿಗದಿದ್ದರೆ, ಮಂಗಳವಾರದಿಂದ ಶುಕ್ರವಾರದ ನಡುವೆ, ಅಂಗಡಿ ಭೇಟಿಯಿಲ್ಲದ ಅರ್ಧ ದಿನದ ಪ್ರವಾಸಕ್ಕೆ ಆ ನಾಲ್ಕು ಸಾವಿರ ಕೊಡಬಹುದು, ಕೊಟ್ಟದ್ದಕ್ಕೆ ನನಗಂತೂ ಪಶ್ಚಾತ್ತಾಪವಿಲ್ಲ.

ಕೆರೆಯ ದಂಡೆಯ ಗೆಳೆಯರಲ್ಲಿ ಒಬ್ಬರು ಏಪ್ರಿಲ್ ತಿಂಗಳ ಒಂದು ಬುಧವಾರಕ್ಕೆ ಕಾಯ್ದಿರಿಸಿದ್ದಾರೆ. ಅವರ ಮನೆಯವರು ಸುರಂಗಕ್ಕೆ ಇಳಿಯುವುದಿಲ್ಲವೆಂದು ಈಗಲೇ ಹೇಳಿಬಿಟ್ಟಿದ್ದಾರೆ, ಕಡಕ್ ರೊಟ್ಟಿ ಎಷ್ಟು ಕಟ್ಟಬೇಕೆಂದು ನನ್ನ ಹೆಂಡತಿಯನ್ನು ಕೇಳಿಕೊಂಡು ಹೋದರು.